ಮೂರು ಬಾಗಿಲು, ಒಂದು ಮೋರೆ

ನಮ್ಮ ದೊಡ್ಡಪ್ಪ ಇಂಗ್ಲೆಂಡಿಗೆ ಹೋಗಲಿಲ್ಲ. ಇಂಗ್ಲೆಂಡನ್ನೇ ಸುಂಟಿಕೊಪ್ಪಕ್ಕೆ ಕರೆಸಿಕೊಂಡರು! ಪೂರ್ತಿ ದೇಶವನ್ನಲ್ಲ, ಮೂರು ಮನೆಗಳಷ್ಟು ಮಾತ್ರ. ಅಷ್ಟಕ್ಕೇ ಊರು ಸುಸ್ತಾಯಿತು.

ಬ್ರಿಟಿಷರ ಕಾಲ. ದೊಡ್ಡಪ್ಪ ದೊರೆಯೊಬ್ಬರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬಂಗಲೆಯ ಡ್ರಾಯಿಂಗ್ ರೂಮಿನಲ್ಲಿ ದೊರೆಸಾನಿಯ ತವರೂರಿನ ಚಿತ್ರವೊಂದಿತ್ತು. ಒಂದಕ್ಕೊಂದು ಅಂಟಿಕೊಂಡ ಟೌನ್ ಹೌಸುಗಳ ಸಾಲು: ಒಂದೇ ಎತ್ತರ, ಒಂದೇ ಅಳತೆಯ ಉದ್ದುದ್ದ ಕಿಟಕಿ, ಪ್ರತಿ ಬಾಗಿಲ ಮೇಲೂ ಬೀಸಣಿಗೆ ಬಿಚ್ಚಿಟ್ಟಂಥ ಗಾಜು. ಸೋ ಎಲಿಗೆಂಟ್! ಹತ್ತಾರು ಸಂಸಾರ, ನೋಡುವವರಿಗೆ ಒಂದೇ ಅರಮನೆ. ನಮ್ಮಲ್ಲೋ, ಒಂದೇ ಮನೆ, ಮೂರು ಒಲೆ! ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತು ವರ್ಷವಾಗಿತ್ತು. ನಡುವಿನ ಅಪ್ಪನೇ ಪೋಸ್ಟ್‌ಮ್ಯಾನ್.

"ಪಾಲಾಗಿ ಮೂರು ದಿಕ್ಕಿಗೆ ಹೋದ್ರೆ ನಾನು ಯಾರ ಮನೇಲಿರ್ಲಿ?" ಎಂದು ಅಜ್ಜಿ ದಿನವೂ ಕೇಳುತ್ತಿದ್ದರು. ದೊಡ್ಡಪ್ಪನಿಗೆ ಉತ್ತರ ಆ ಚಿತ್ರದಲ್ಲಿ ಸಿಕ್ಕಿತು: ಬಾಗಿಲು ಬೇರೆ, ಗೋಡೆ ಒಂದೇ!

ಆದರೆ ಚಿತ್ರದಲ್ಲಿ ಹಿತ್ತಲು ಕಾಣಬೇಕಲ್ಲ? ಮಡಿಕೇರಿಯ ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನನ್ನನ್ನೇ ಇಂಟರ್‌ಪ್ರಿಟರ್ ಮಾಡಿ, ಹಿಂಭಾಗ ಹೇಗಿರುತ್ತದೆಂದು ಕೇಳಲು ಬಂಗಲೆಗೆ ಕರೆದೊಯ್ದರು. ಮುಂಭಾಗ ಮಾತ್ರ ಆರ್ಕಿಟೆಕ್ಟ್ ಹೇಳಿದಂತೆ, ಹಿಂದೆ ಒಬ್ಬೊಬ್ಬರದು ಒಂದೊಂದು ಅವತಾರ ಎಂದು ದೊರೆಸಾನಿ ನಕ್ಕರು.

"ಇವರೂ ನಮ್ಮಂಗೇ ಕಣವ್ವಾ!" ನಾನು ಕನ್ನಡದಲ್ಲಿ ಹೇಳಿದ್ದೇ ತಡ, ದೊಡ್ಡಪ್ಪನಿಗೆ ಹಿಗ್ಗೋ ಹಿಗ್ಗು.

ಹೊಸ ಮನೆಯ ಕೆಲಸ ಶುರುವಾಯಿತು, ಜೊತೆಗೆ ಮೇಸ್ತ್ರಿಯ ಗ್ರಹಚಾರವೂ. ಹೆಂಚಿನ ಮಾಡು ಬೀದಿಗೆ ಕಾಣಬಾರದೆಂದು ಮುಂದೆ ಪ್ಯಾರಾಪೆಟ್ ಗೋಡೆ ಬಂತು.

"ರೈಟ್ರೇ, ಮಳೆನೀರು ಎಲ್ಲಿಗೆ ಹೋಗ್ಬೇಕು?"

"ಇಂಗ್ಲೆಂಡಲ್ಲಿ ಎಲ್ಲಿಗೆ ಹೋಗ್ತದೋ ಅಲ್ಲಿಗೇ!"

ಮೊದಲ ಮಳೆಗೇ ಅದು ಅಪ್ಪನ ಪಾಲಿನ ಅಡುಗೆಮನೆಗೆ ಹೋಯಿತು.

ಚಿಕ್ಕಪ್ಪನ ಪಾಲಿನಲ್ಲಿ ಮೆಟ್ಟಿಲು ಅಡ್ಡ ಬಂದು ಒಂದು ಕಿಟಕಿಗೆ ಜಾಗವೇ ಉಳಿಯಲಿಲ್ಲ. ಸಿಮೆಟ್ರಿ ಕೆಡಬಹುದೇ? ಗೋಡೆಯ ಮೇಲೇ ಕಿಟಕಿಯ ಚಿತ್ರ ಬರೆಸಿಬಿಟ್ಟರು!

"ಕುರುಡು ಕಿಟಕಿ ನನ್ನ ಪಾಲಿಗೇ ಬೇಕಿತ್ತಾ? ಕೇಳು ನಿನ್ನಣ್ಣನ್ನ," ಎಂದು ಚಿಕ್ಕಪ್ಪ ಅಪ್ಪನಿಗೆ ಹೇಳಿದರು.

"ಗಾಳಿ ಬರಲ್ಲ, ಸೊಳ್ಳೇನೂ ಬರಲ್ಲ ಅನ್ನು ನಿನ್ನ ತಮ್ಮಂಗೆ," ಎಂದು ದೊಡ್ಡಪ್ಪನೂ ಅಪ್ಪನಿಗೇ ಹೇಳಿದರು. ಇಬ್ಬರೂ ನಿಂತಿದ್ದದ್ದು ಎದುರುಬದುರು!

ಅಂತೂ ಗೃಹಪ್ರವೇಶದ ದಿನ ಬಂತು. ಮೂರು ಬಾಗಿಲಿಗೂ ದಾರ ಹಿಡಿದು ಅಳೆದು ಕಟ್ಟಿದ ಮಾವಿನ ತೋರಣ. ಹೊಸ ಮನೆಗೆ ಮೊದಲು ಬಲಗಾಲಿಡಬೇಕಾದವರು ಹಿರಿಯರು. ಅಜ್ಜಿ ಹಾಲಿನ ಗಿಂಡಿ ಹಿಡಿದುಕೊಂಡು ಬೀದಿಯಲ್ಲೇ ನಿಂತುಬಿಟ್ಟರು.

"ಯಾವ ಬಾಗಿಲಲ್ಲಿ ಬರ್ಲಪ್ಪ?"

"ಯಾವುದಾದ್ರೇನವ್ವ, ಎಲ್ಲಾ ಒಂದೇ ಅಳತೆ!" ಎಂದರು ದೊಡ್ಡಪ್ಪ.

"ಒಬ್ಬನ ಹೊಸ್ತಿಲು ತುಳಿದ್ರೆ ಇನ್ನಿಬ್ರನ್ನ ಬಿಟ್ಟಂಗೆ. ಗೋಡೆ ಒಂದೇ ಅಂತೀಯ. ಒಂದಾದ್ರೂ ಗೋಡೆ ಗೋಡೇನೇ ಅಲ್ವೇನಪ್ಪ?" ಎಂದವರೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು.

ಚಿತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ದೊಡ್ಡಪ್ಪ ತಮ್ಮ ಚಂದದ ಸಾಲನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದರು. ರೇಷ್ಮೆ ರುಮಾಲು ತೆಗೆದು ನನ್ನ ಕೈಗಿಟ್ಟರು, ಮೇಸ್ತ್ರಿಯ ಹಾರೆ ಎತ್ತಿಕೊಂಡು ತಮ್ಮ ಬಾಗಿಲಿನಿಂದ ಒಳಗೆ ನಡೆದರು; ಹಿಂದೆಯೇ ನಾವೂ. ಕೂದಲೆಳೆಯಷ್ಟು ಓರೆಯಾದರೂ ಕೆಡವಿ ಕಟ್ಟಿಸುತ್ತಿದ್ದವರು, ತಮ್ಮ ಮನೆಗೂ ನಮ್ಮ ಮನೆಗೂ ನಡುವಿನ ಗೋಡೆಗೆ ಹಾರೆ ಹಾಕಿದರು! ಗಾರೆ ಇನ್ನೂ ಹಸಿ; ಆಳು ಹಾಯುವಷ್ಟು ಜಾಗ ಬೇಗನೇ ಆಯಿತು. ಅದರಲ್ಲೇ ತೂರಿ ಬಂದು, ನಮ್ಮ ಮನೆಗೂ ಚಿಕ್ಕಪ್ಪನ ಮನೆಗೂ ನಡುವಿನ ಗೋಡೆಗೆ ಶುರುಮಾಡಿದರು.

ನಾಲ್ಕೇಟು ಹಾಕಿ ಉಸಿರಿಗಾಗಿ ನಿಂತರು. ಏಟಿನ ಸದ್ದು ನಿಲ್ಲಲಿಲ್ಲ. ಆ ಕಡೆಯಿಂದಲೂ ಯಾರೋ ಕುಟ್ಟುತ್ತಿದ್ದರು. ಇಟ್ಟಿಗೆಗಳು ಉದುರಿ, ಕಿಂಡಿಯಲ್ಲಿ ಸುಣ್ಣ ಮೆತ್ತಿದ ಚಿಕ್ಕಪ್ಪನ ಮುಖ ಕಂಡಿತು.

"ಅಣ್ಣಾ, ಹಿಂದೆ ಸರಿ. ಕಣ್ಣಿಗೆ ಬಿದ್ದೀತು."

ದೊಡ್ಡಪ್ಪ ಸರಿಯಲಿಲ್ಲ. ಕಿಂಡಿಯೊಳಗೆ ಕೈ ಚಾಚಿ ತಮ್ಮನ ತಲೆಯ ಮೇಲಿನ ಮಣ್ಣು ಕೊಡವಿದರು.

ನಾವೆಲ್ಲ ಅದನ್ನೇ ನೋಡುತ್ತ ನಿಂತಿದ್ದೆವು. ತಿರುಗಿದರೆ, ಅಜ್ಜಿ ಒಳಗೆ ಇದ್ದರು, ಹಾಲಿನ ಗಿಂಡಿ ಹಿಡಿದುಕೊಂಡು. ಯಾವ ಬಾಗಿಲಿನಿಂದ ಬಂದರೋ, ಯಾರೂ ನೋಡಿರಲಿಲ್ಲ.