ನೂರು ವರ್ಷದ ಆಚೆಯ ಉಪ್ಪಿಟ್ಟು

"ಲೇ ವಿಶಾಲೂ, ಒಲೆ ಆರಿಸಿ ಬಾರೇ! ನೂರು ವರ್ಷ ಆದ್ಮೇಲೆ ಈ ಮನೆ ಹೇಗಿರತ್ತೆ, ನೋಡು ಬಾ!"

ನಮ್ಮ ಯಜಮಾನರು ಹೀಗೆ ಕೂಗಿದಾಗ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಮಗಳು ಸುರಭಿಯನ್ನು ನೋಡಲು ಗಂಡಿನ ಕಡೆಯವರು ಇನ್ನೇನು ಬರುವವರಿದ್ದರು. ಇಂಥ ದಿನವೇ ಇವರ ಯಂತ್ರ ಸಿದ್ಧವಾಗಬೇಕೆ! ಇವರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಅಂದಿನಿಂದ ಮೈಸೂರಿನ ನಮ್ಮ ಮನೆಗೆ ನೆಮ್ಮದಿ ಇಲ್ಲ. ಹೋದ ವರ್ಷ ಇವರು ಮಾಡಿದ, ದೋಸೆಯನ್ನು ತಾನೇ ಮಗುಚುವ ಕಾವಲಿ ಈಗ ಅಟ್ಟದ ಮೇಲಿದೆ. ಅದು ಮಗುಚಿದ ದೋಸೆ ಇನ್ನೂ ಸೂರಿಗೆ ಅಂಟಿಕೊಂಡಿದೆ.

ನಡುಮನೆಯಲ್ಲಿ ಹಳೆಯ ಟೀವಿಗೆ ಹೊಲಿಗೆ ಯಂತ್ರದ ಚಕ್ರ, ಕೊಡೆಯ ಕಡ್ಡಿಗಳು ಮತ್ತು ಕಾಣೆಯಾಗಿದ್ದ ನನ್ನ ಕುಕ್ಕರಿನ ವಿಷಲ್ ಸೇರಿ ಏನೋ ಒಂದು ಆಗಿ ನಿಂತಿದ್ದವು.

"ಭವಿಷ್ಯದರ್ಶಕ!" ಎಂದು ಎದೆಯುಬ್ಬಿಸಿದರು. ಕೊಡೆಯನ್ನು ಅಡುಗೆಮನೆಯ ಕಡೆ ತಿರುಗಿಸಿ ಚಕ್ರ ಸುತ್ತಿದರು. ತೆರೆಯ ಮೇಲೆ ಫಳಫಳ ಹೊಳೆಯುವ ಅಡುಗೆಮನೆ ಮೂಡಿತು. ಒಲೆಯ ಮುಂದೆ ಆರು ಕೈಗಳ ರೋಬೋಟ್ ನಿಂತಿತ್ತು. ಅದು ಹಿಂದಕ್ಕೆ ತಿರುಗಿ, "ಲೇ, ಉಪ್ಪು ಎಲ್ಲಿಟ್ಟಿದೀಯೇ?" ಎಂದು ಕೂಗಿತು.

"ನೋಡಿದ್ಯಾ, ಆರು ಕೈ!"

"ಆರು ಕೈ ಇದ್ರೂ ಎದುರಿಗಿರೋ ಡಬ್ಬಿ ಕಾಣ್ಸಲ್ವಲ್ರೀ! ನಿಮ್ಮ ವಂಶದ್ದೇ ಇರ್ಬೇಕು."

ಮುಖ ಗಂಟಿಕ್ಕಿಕೊಂಡು ಕೊಡೆಯನ್ನು ಬೀದಿಯ ಕಡೆ ತಿರುಗಿಸಿದರು. ತೆರೆಯಲ್ಲಿ ಹಾರುವ ಕಾರುಗಳು! ಬೆಳ್ಳಿ ಬಣ್ಣದ ಉಡುಪು ತೊಟ್ಟ ಇಬ್ಬರು ಗಾಳಿಯಲ್ಲಿ ನೇತಾಡುತ್ತ, "ನಮ್ಮ ಗೇಟಿನ ಮುಂದೆ ಯಾಕ್ರೀ ನಿಲ್ಸಿದೀರಾ?" ಎಂದು ಕಿತ್ತಾಡುತ್ತಿದ್ದರು. ಎದುರುಮನೆಯ ನಾಗೇಂದ್ರಪ್ಪನವರು ಹಿಂದಿನ ಸಂಜೆ ಇದೇ ಮಾತಿಗೆ ಇದೇ ದನಿಯಲ್ಲಿ ಬೀದಿ ರಂಪ ಮಾಡಿದ್ದರು.

"ಇದು ಮುಂದಿಂದಲ್ಲ ಕಣ್ರೀ, ನಿನ್ನೇದು. ಬೆಳ್ಳಿ ಬಣ್ಣ ಬಳಿದಿದೆ ಅಷ್ಟೆ."

"ನಿಂಗೆ ವಿಜ್ಞಾನ ಅರ್ಥ ಆಗಲ್ಲ ಬಿಡು!"

ನಾನು ಒಳಗೆ ಹೋದೆ. ಸುರಭಿ ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಅವಳದು ಗೂಡ್ಸ್ ರೈಲಿನ ಇಂಜಿನ್ನಿನಲ್ಲಿ ಸಹಾಯಕ ಚಾಲಕಿಯ ಕೆಲಸ. ಬೆಳಿಗ್ಗೆ ತಾನೆ ಡ್ಯೂಟಿ ಮುಗಿಸಿ ಬಂದಿದ್ದಳು. ಹಿಂದೆ ಬಂದವರೆಲ್ಲ ಆ ಕೆಲಸ ಬಿಡಬೇಕೆಂದು ಕೇಳಿ, ಇವಳು ಆಗದು ಎಂದ ಮೇಲೆ ಎದ್ದು ಹೋಗಿದ್ದರು.

"ಈ ಸಲ ಕೆಲಸದ ಮಾತು ಬಂದ್ರೆ ‘ನೀವು ಹೇಳಿದ ಹಾಗೆ’ ಅಂದ್ಬಿಡು. ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ," ಎಂದೆ. ಆ ಕೆಲಸಕ್ಕಾಗಿ ಅವಳು ಎಷ್ಟು ಕಷ್ಟಪಟ್ಟು ಓದಿದ್ದಳೆಂದು ನನಗೆ ಗೊತ್ತಿತ್ತು. ಆದರೂ ಹೇಳಿದೆ.

ಹುಡುಗ ಭಾರ್ಗವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವನೂ ತಂದೆತಾಯಿಯೂ ಬಂದು ಇನ್ನೂ ಸರಿಯಾಗಿ ಕೂತಿರಲಿಲ್ಲ, ನಮ್ಮ ಯಜಮಾನರು ಕೊಡೆಯನ್ನು ನಡುಮನೆಗೇ ತಿರುಗಿಸಿಬಿಟ್ಟರು! ನೂರು ವರ್ಷದ ಆಚೆ ನಮ್ಮ ಮನೆ ಆಕಾಶದಲ್ಲಿ ತೇಲುತ್ತಿತ್ತು. ಚಾಮುಂಡಿ ಬೆಟ್ಟ ಇರಬೇಕಾದ ಕಡೆ ಕಿಟಕಿಯಲ್ಲಿ ಗುಂಡನೆಯ ಭೂಮಿ. ನೆಂಟರೆಲ್ಲ ಸೋಫಾಕ್ಕೆ ಬೆಲ್ಟು ಬಿಗಿದುಕೊಂಡು ಕೂತಿದ್ದರು. ಉಪ್ಪಿಟ್ಟು ಗಾಳಿಯಲ್ಲಿ ತೇಲುತ್ತಿತ್ತು, ಒಬ್ಬ ಹಿರಿಯರು ಅದರೊಳಗಿನ ಗೋಡಂಬಿಯನ್ನು ಮಾತ್ರ ಹಿಡಿದು ತಿನ್ನುತ್ತಿದ್ದರು. ಹೆಲ್ಮೆಟ್ಟಿನ ಮೇಲೆ ಮಲ್ಲಿಗೆ ಮುಡಿದ ಹುಡುಗಿಯೊಬ್ಬಳು ಕಾಫಿ ತಟ್ಟೆ ಹಿಡಿದು ಬಂದಳು.

"ಪರ್ವಾಗಿಲ್ವೇ, ಅಲ್ಲೂ ಮಲ್ಲಿಗೆ ಸಿಗತ್ತೆ!" ಎಂದು ಹುಡುಗನ ತಾಯಿ ಕಮಲಾಕ್ಷಮ್ಮ ನಕ್ಕರು. ಎಲ್ಲರೂ ನಕ್ಕೆವು. ತಟ್ಟೆ ಹಿಡಿದು ಹೊರಬಂದ ಸುರಭಿ ಮಾತ್ರ ತೆರೆಯನ್ನು ನೋಡುತ್ತ ನಿಂತಳು.

ಕಮಲಾಕ್ಷಮ್ಮ ಲೋಟ ತೆಗೆದುಕೊಂಡು ಮೆಲ್ಲಗೆ ಕೇಳಿದರು: "ಮದುವೆ ಆದ್ಮೇಲೆ ಈ ರೈಲು ಓಡ್ಸೋದೆಲ್ಲ ಬೇಡ, ಅಲ್ವೇನಮ್ಮಾ?"

"ಮದುವೆ ಆದ್ಮೇಲೆ ಈ ರಾಕೆಟ್ ಓಡ್ಸೋದೆಲ್ಲ ಬೇಡ, ಅಲ್ವೇನಮ್ಮಾ?" ಎಂದಿತು ಯಂತ್ರ. ತೆರೆಯಲ್ಲಿದ್ದ ಹೆಂಗಸಿನದು ಅದೇ ದನಿ, ಅದೇ ಮೂಗುತಿ!

ಕಮಲಾಕ್ಷಮ್ಮ ಲೋಟವನ್ನು ಟಕ್ಕನೆ ಕೆಳಗಿಟ್ಟರು.

"ಏನ್ರೀ ಇದು? ಮನೆಗೆ ಕರೆಸಿ ಅಣಕಿಸ್ತೀರಾ?"

"ಏನ್ರೀ ಇದು? ಮನೆಗೆ ಕರೆಸಿ ಅಣಕಿಸ್ತೀರಾ?" ಎಂದಿತು ಯಂತ್ರ, ಇನ್ನೂ ಜೋರಾಗಿ!

ಯಜಮಾನರು ಸ್ವಿಚ್ ಆರಿಸಿದರು, ಪ್ಲಗ್ ಕಿತ್ತರು. ಅದು ನಿಲ್ಲಲಿಲ್ಲ. ಜಮಖಾನ ಹೊದಿಸಿದರೆ ಕೊಡೆ ಪಟ್ಟನೆ ಬಿಚ್ಚಿಕೊಂಡು ಜಮಖಾನವನ್ನು ಹುಡುಗನ ತಂದೆಯ ತಲೆಯ ಮೇಲೆ ಎಸೆಯಿತು. ಈ ಗಲಾಟೆಯ ನಡುವೆ ತೆರೆಯ ಹುಡುಗಿ ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಉತ್ತರಿಸಿದಳು.

"ನೀವು ಹೇಳಿದ ಹಾಗೆ."

ಆಗಷ್ಟೇ ಒಳಗೆ ನಿಂತು ನಾನು ಕಲಿಸಿದ ಮಾತು ನೂರು ವರ್ಷ ದಾಟಿ ಹೋಗಿ, ಯಾರೋ ಪಾಪದ ಹುಡುಗಿಯ ಬಾಯಿಗೆ ಬಿದ್ದಿತ್ತು.

"ಅಪ್ಪಾ, ನೂರು ವರ್ಷ ಆದ್ಮೇಲೂ ಇದೇನಾ?" ಎಂದಳು ಸುರಭಿ.

ಯಜಮಾನರು ಯಂತ್ರದ ಪಕ್ಕ ನೆಲದ ಮೇಲೆ ಕೂತುಬಿಟ್ಟರು. "ಇದು ಮುಂದಕ್ಕೆ ನೋಡ್ತಾನೇ ಇಲ್ಲ ಕಣಮ್ಮಾ. ನಮ್ಮನ್ನೇ ನೋಡ್ತಿದೆ. ನಿಮ್ಮಮ್ಮ ಆಗ್ಲೇ ಹೇಳಿದ್ಲು."

ಇವರು ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು. ಒಂದಿಷ್ಟೂ ಸಂತೋಷವಾಗಲಿಲ್ಲ.

ಸುರಭಿ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. "ಆಂಟಿ, ತಪ್ಪು ತಿಳ್ಕೋಬೇಡಿ. ನಾನು ಕೆಲಸ ಬಿಡಲ್ಲ. ನಾನು ಇವತ್ತು ಹೇಳ್ದೆ ಇದ್ರೆ ಆ ಹುಡುಗಿಗೂ ಹೇಳೋಕಾಗಲ್ಲ."

"ಹೌದು, ಬಿಡಲ್ಲ," ಎಂದೆ ನಾನು. ನನ್ನ ದನಿಯೇ ನನಗೆ ಹೊಸದಾಗಿ ಕೇಳಿಸಿತು.

ಯಂತ್ರಕ್ಕೆ ಸಿಕ್ಕಿಸಿದ್ದ ಕುಕ್ಕರಿನ ವಿಷಲ್ ಕೂಗಿತು. ತೆರೆಯ ಹುಡುಗಿ ತಲೆ ಎತ್ತಿದಳು, ಬಾಯಿ ತೆರೆದಳು. ಅಷ್ಟರಲ್ಲಿ ತೆರೆಯೆಲ್ಲ ಬೆಳ್ಳಗಾಗಿ ಹೋಯಿತು!

ಅಲ್ಲಿಯತನಕ ಬಾಯಿ ಬಿಡದಿದ್ದ ಭಾರ್ಗವ ಆಗ ಕೇಳಿದ: "ಇಂಜಿನ್ನಲ್ಲಿ ಕೂತಾಗ ಹಳಿ ನಮ್ಮ ಕಡೆಗೇ ಓಡಿ ಬರತ್ತಲ್ಲ... ಹೇಗನ್ಸತ್ತೆ?"

ಇಷ್ಟು ಜನ ಬಂದು ನೋಡಿ ಹೋಗಿದ್ದರೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವೆಲ್ಲ ಯಂತ್ರದ ಕಡೆ ತಿರುಗಿದೆವು. ಅದು ತುಟಿಪಿಟಕ್ಕೆನ್ನಲಿಲ್ಲ.

"ಹಾಳಾಯ್ತೇನ್ರೀ?" ಎಂದರು ಕಮಲಾಕ್ಷಮ್ಮ. ಅವರ ದನಿಯಲ್ಲಿ ಸಿಟ್ಟು ಸ್ವಲ್ಪ ಇಳಿದಿತ್ತು.

"ಹಾಳಾಗಿಲ್ಲ! ಈಗ್ಲೇ ಸರಿಯಾಗಿದ್ದು!" ಯಜಮಾನರು ಎದ್ದು ಕುಣಿದರು. "ಮುಂದೇನಾಗತ್ತೆ ಅಂತ ಅದಕ್ಕೂ ಗೊತ್ತಿಲ್ಲ!"

"ಯೋಚ್ನೆ ಮಾಡಿ ಹೇಳ್ತೀವಿ," ಎಂದು ಹೇಳಿ ಗಂಡಿನ ಕಡೆಯವರು ಎದ್ದರು. ಆದರೆ ಹೊರಡುವುದು ತಡವಾಯಿತು. ಗೇಟಿನ ಬಳಿ ಸುರಭಿ ಎರಡೂ ಕೈ ಚಾಚಿ, ಮಂಜಿನಲ್ಲಿ ಸಿಗ್ನಲ್ ಹೇಗೆ ಕಾಣುತ್ತದೆಂದು ಭಾರ್ಗವನಿಗೆ ವಿವರಿಸುತ್ತಿದ್ದಳು. ಅವನ ತಾಯಿಯೂ ಚಪ್ಪಲಿ ಮೆಟ್ಟಿಕೊಂಡು ನಿಂತು ಕೇಳುತ್ತಿದ್ದರು. ಅವರು ಏನು ಹೇಳಿಕಳಿಸುತ್ತಾರೋ ನನಗಿನ್ನೂ ಗೊತ್ತಿಲ್ಲ.

ಅಂದಿನಿಂದ ಯಂತ್ರವನ್ನು ನಡುಮನೆಗೆ ತಿರುಗಿಸಿದರೆ ಬರೀ ಬಿಳಿ. ಅದನ್ನು ನೋಡಲೆಂದೇ ಬೀದಿಯವರೆಲ್ಲ ಬರುತ್ತಾರೆ, ಯಜಮಾನರು ಹೆಮ್ಮೆಯಿಂದ ತೋರಿಸುತ್ತಾರೆ. ಅಡುಗೆಮನೆಯ ಕಡೆ ತಿರುಗಿಸಿದರೆ ಮಾತ್ರ ಆರು ಕೈಗಳ ಆ ರೋಬೋಟ್ ಇನ್ನೂ ಉಪ್ಪು ಎಲ್ಲಿ ಎಂದು ಕೂಗುತ್ತದೆ.

ಇವತ್ತು ಬೆಳಿಗ್ಗೆ ಸೌಟನ್ನು ಯಜಮಾನರ ಕೈಗೆ ಕೊಟ್ಟು ಹೊರಗೆ ಬಂದು ಕೂತೆ. ಅಡುಗೆಮನೆಯ ಕಡೆಯೂ ಬೆಳ್ಳಗಾಗಲೆಂದು ನೂರು ವರ್ಷ ಕಾಯುತ್ತ ಕೂರಲು ನನಗೆ ಪುರುಸೊತ್ತಿಲ್ಲ.