ಗಾಲಿಮಂಚ ತಳ್ಳಿದ ದಿನಗಳು

ರೋಗಿಗಳನ್ನು ಒಂದು ರೂಮಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋಗುವುದರಲ್ಲಿ ನಗುವಂಥದ್ದು ಏನಿದೆ ಅಂತ ನೀವು ಕೇಳಬಹುದು. ತೊಂಬತ್ತರ ದಶಕದಲ್ಲಿ ಅಮೆರಿಕದ ಗ್ಲೆಂಡೇಲ್‌ನ ಒಂದು ಆಸ್ಪತ್ರೆಯಲ್ಲಿ ಅದೇ ನನ್ನ ಕೆಲಸ. ನಗದೆ ಮನೆಗೆ ಹೋದ ದಿನ ಕಡಿಮೆ.

ಮೊದಲ ವಾರ

ಕಾರಿಡಾರಿನಲ್ಲಿ ವೀಲ್‌ಚೇರಲ್ಲಿ ಕೂತಿದ್ದ ಅಮೆರಿಕನ್ ಅಜ್ಜನನ್ನು ಎಕ್ಸ್‌ರೇಗೆ ತಳ್ಳಿಕೊಂಡು ಹೋದೆ. ಅಲ್ಲಿ ಹೆಸರು ಕೇಳಿದಾಗ ಗೊತ್ತಾಯಿತು, ಆತ ರೋಗಿಯೇ ಅಲ್ಲ, ಹೆಂಡತಿಯನ್ನು ನೋಡಲು ಬಂದವನು.

"ಮೊದಲೇ ಹೇಳಬಾರದಿತ್ತಾ?" ಅಂದೆ.

"ಪಾರ್ಕಿಂಗಿಂದ ನಡೆದು ಸುಸ್ತಾಗಿತ್ತು. ಎಷ್ಟು ಒಳ್ಳೇ ಆಸ್ಪತ್ರೆ ಅಂದ್ಕೊಂಡೆ. ವಾಪಸ್ ಹೋಗುವಾಗ ಕೆಫೆಟೇರಿಯಾ ಕಡೆಯಿಂದ ಹೋಗೋಣವಾ?"

ಉಡುಪಿ ಆಂಟಿ

ಉಡುಪಿ ಕಡೆಯ ಆಂಟಿಯೊಬ್ಬರನ್ನು ಸ್ಕ್ಯಾನಿಂಗಿಗೆ ಒಯ್ಯುತ್ತಿದ್ದೆ. ಇದ್ದಕ್ಕಿದ್ದಂತೆ ಗೋಡೆ ಗಡಗಡ ಅಂದಿತು. ಮಂಚ ಗಟ್ಟಿಯಾಗಿ ಹಿಡಿದು ನಿಂತುಬಿಟ್ಟೆ.

ಆಂಟಿ ಗದರಿದರು: "ಮೆಲ್ಲ ತಳ್ಳು ಮಾರಾಯ! ನಿನಗೆ ಲೈಸೆನ್ಸ್ ಕೊಟ್ಟದ್ದು ಯಾರು?"

"ನಾನು ನಿಂತಿದ್ದೇನೆ ಆಂಟಿ. ಇದು ಭೂಕಂಪ!"

"ಎಲ್ಲದಕ್ಕೂ ಒಂದು ನೆವ!"

ಒಂದೇ ಭಾಷೆ

ಮಂಗಳೂರಿನ ಅಂಕಲ್ ಒಬ್ಬರು, ಮೈಸೂರಿನ ಸಾಹೇಬರೊಬ್ಬರು. ಇಬ್ಬರದೂ ಮಂಡಿ ಆಪರೇಷನ್. ಕನ್ನಡದವರು ಜೊತೆಗಿರಲಿ ಅಂತ ನರ್ಸ್ ಒಂದೇ ರೂಮಿಗೆ ಹಾಕಿದ್ದಳು.

ಮೂರನೇ ದಿನ ಸಾಹೇಬರು ವ್ಯಾಯಾಮಕ್ಕೆ ಹೋಗಿದ್ದಾಗ ಅಂಕಲ್ ನನ್ನನ್ನು ಹತ್ತಿರ ಕರೆದರು. "ಎಂತ ಗೊರಕೆ ಮಾರಾಯ್ರೆ! ರೂಮ್ ಚೇಂಜಿಗೆ ಹೇಳಿದ್ದೇನೆ. ಪಾಪ, ಅವರಿಗೆ ಬೇಜಾರಾಗಬಾರದು. ಟೆಸ್ಟಿಗೆ ಹೋದೆ ಅಂತ ಹೇಳಿ."

ಅವರನ್ನು ಮೇಲಿನ ಮಹಡಿಗೆ ಬಿಟ್ಟು ಬಂದೆ. ಅಷ್ಟರಲ್ಲಿ ಸಾಹೇಬರು ವಾಪಸಾಗಿದ್ದರು.

"ಎಲ್ಲಪ್ಪ ಅವರು?"

"ಟೆಸ್ಟಿಗೆ."

"ಒಳ್ಳೇದಾಯ್ತು. ಬರೋದ್ರೊಳಗೆ ನನ್ನನ್ನ ಸಾಗಿಸಿಬಿಡು. ನಾನೂ ಬೇರೆ ರೂಮ್ ಕೇಳಿದೀನಿ. ಒಂದು ನಿಮಿಷ ಬಾಯಿ ಮುಚ್ಚಲ್ಲ ಕಣಪ್ಪ ಆ ಮನುಷ್ಯ! ಒಳ್ಳೆಯವರು, ನೊಂದ್ಕೋತಾರೆ. ನಾನೂ ಟೆಸ್ಟಿಗೆ ಹೋದೆ ಅಂದ್ಬಿಡು."

ರೂಮ್ ಬದಲಿಯ ಚೀಟಿ ನೋಡಿದೆ. ಈಗಷ್ಟೇ ಅಂಕಲ್‌ರನ್ನು ಬಿಟ್ಟು ಬಂದ ಅದೇ ರೂಮ್ ನಂಬರ್! ಮೇಲಿನ ನರ್ಸಿಗೆ ಫೋನ್ ಮಾಡಿದೆ. "ಇಬ್ಬರದೂ ಒಂದೇ ಭಾಷೆ ಅಲ್ವಾ? ಜೊತೆಗಿರಲಿ ಅಂತ ನಾನೇ ಕಷ್ಟಪಟ್ಟು ಹೊಂದಿಸಿದೆ," ಅಂದಳು ಹೆಮ್ಮೆಯಿಂದ. ಬೇರೆ ಮಂಚ ಒಂದೂ ಖಾಲಿ ಇಲ್ಲವಂತೆ.

ದಾರಿಯುದ್ದಕ್ಕೂ ಸಾಹೇಬರು ನನಗೆ ಆಶೀರ್ವಾದ ಮಾಡುತ್ತಿದ್ದರು. ರೂಮಿಗೆ ತಳ್ಳಿ ಪರದೆ ಸರಿಸಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ನಾನು ಸೀಲಿಂಗ್ ನೋಡಿದೆ.

ಕೊನೆಗೆ ಅಂಕಲ್ ಗಂಟಲು ಸರಿಮಾಡಿಕೊಂಡು ಕೇಳಿದರು: "ನಿಮಗೂ ಇದೇ ಟೆಸ್ಟಾ?"