ಮಲ್ಲಪ್ಪ, ನೇಮಣ್ಣ ಮತ್ತು ನನ್ನ ಚಿತ್ರದ ತರಗತಿ

ಹುಡುಗರಿಗೆ ಕಲಿಸುವುದು ಕಷ್ಟವೆಂದು ಗೋಳಾಡುವ ಮಾಸ್ತರರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತದೆ. ಹುಡುಗರು ಗದರಿಸಿದರೆ ಕೂಡುತ್ತಾರೆ, ಗಂಟೆ ಹೊಡೆದರೆ ಓಡುತ್ತಾರೆ. ಆದರೆ ದೊಡ್ಡ ರುಮಾಲು ಸುತ್ತಿ, ಊರಿನವರಿಗೆಲ್ಲ ಬುದ್ಧಿ ಹೇಳುತ್ತ ಬಂದ ಹಿರಿಯರೊಬ್ಬರು ನೀರಿನ ಕೊಡದ ಚಿತ್ರ ತೆಗೆಯಲು ಹೋಗಿ ಕುಂಬಳಕಾಯಿ ತೆಗೆದು, "ಹೆಂಗೈತ್ರಿ ಮಾಸ್ತರ?" ಎಂದು ಕೇಳಿದರೆ ಏನು ಹೇಳುತ್ತೀರಿ? ನಾನಂತೂ "ಛಲೋ ಐತ್ರಿ" ಎಂದೇ ಹೇಳುತ್ತಿದ್ದೆ. ಆಮೇಲೆ ಮನೆಗೆ ಹೋಗಿ ಹೆಂಡತಿಯ ಮುಂದೆ ನಿಟ್ಟುಸಿರು ಬಿಡುತ್ತಿದ್ದೆ.

ಆಗ ನಾನು ಜಮಖಂಡಿ ಸಂಸ್ಥಾನದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಪುಣೆಗೆ ಹೋಗಿ ಬಂದ ಹಿರಿಯ ಅಧಿಕಾರಿಯೊಬ್ಬರು, ವಯಸ್ಸಾದವರಿಗೂ ಕಲೆ ಕಲಿಸಬೇಕು ಎಂಬ ವಿಚಾರವನ್ನು ಹೊತ್ತು ತಂದರು. ವಿಚಾರ ಅವರದು, ರವಿವಾರ ನನ್ನದು. ಊಟವಾದ ಮೇಲೆ ಕಾಲು ಚಾಚಿ ಮಲಗುವ ಹೊತ್ತಿನಲ್ಲಿ ನಾನು ಖಾಲಿ ಶಾಲೆಯ ಬಾಗಿಲು ತೆರೆದು, ಮೇಜಿನ ಮೇಲೆ ತಾಮ್ರದ ಕೊಡವಿಟ್ಟು ಕಾಯುತ್ತಿದ್ದೆ. ಆಶ್ಚರ್ಯವೆಂದರೆ ಜನ ಬಂದರು. ಕೆಲವರು ಅಧಿಕಾರಿಯ ಕಣ್ಣಿಗೆ ಬೀಳಲು ಬಂದರು, ಕೆಲವರು ಮನೆಯಲ್ಲಿ ಸೊಸೆಯಂದಿರ ಗದ್ದಲ ತಾಳಲಾರದೆ ಬಂದರು. ಅಧಿಕಾರಿ ಬರುವುದು ನಿಂತ ಮೇಲೆ ಮೊದಲಿನವರೂ ನಿಂತರು.

ತಪ್ಪದೆ ಬರುತ್ತಿದ್ದವರು ಇಬ್ಬರು. ಮಲ್ಲಪ್ಪನಿಗೆ ತುಬಚಿಯ ಕಡೆ ಹೊಲವಿತ್ತು. ತನ್ನ ಎತ್ತಿನ ಚಿತ್ರ ತೆಗೆಯುವುದು ಅವನ ಆಸೆ. ಪ್ರತಿ ವಾರ ಎತ್ತು ಶುರುವಾಗಿ ಆಡಿನಲ್ಲಿ ಮುಗಿಯುತ್ತಿತ್ತು. ನೇಮಣ್ಣ ಅರಿವೆ ಅಂಗಡಿಯವರು. ಜೈನರ ಬಸದಿಯಲ್ಲಿ ಕಂಡ ಕಮಲವನ್ನು ಎಸಳು ಎಸಳಾಗಿ ತೆಗೆದು, ಒಂದು ಎಸಳು ಸೊಟ್ಟಾದರೆ ಇಡೀ ಹೂವನ್ನೇ ಅಳಿಸುತ್ತಿದ್ದರು. ಇಬ್ಬರದೂ ಒಂದೇ ಓಣಿ, ನಡುವೆ ಒಂದೇ ಗೋಡೆ. ಸಣ್ಣವರಿದ್ದಾಗ ಜೊತೆಗೇ ಈಜು ಕಲಿತವರಂತೆ. ಆದರೆ ಮಲ್ಲಪ್ಪನ ಮಾಳಿಗೆಯ ಮಳೆನೀರು ಹರನಾಳಿಯಿಂದ ನೇಮಣ್ಣನವರ ಹಿತ್ತಿಲಿಗೆ ಬೀಳುತ್ತದೆಂಬ ಕಾರಣಕ್ಕೆ ಮಾತು ಬಿಟ್ಟಿದ್ದರು. ಎಷ್ಟು ವರ್ಷವಾಯಿತೆಂದು ಅವರಿಗೂ ನೆನಪಿರಲಿಲ್ಲ. ಇವನು ಬಾಗಿಲ ಬಳಿ, ಅವರು ಕಿಟಕಿಯ ಬಳಿ, ಬೆನ್ನಿಗೆ ಬೆನ್ನು ಕೊಟ್ಟು ಕೂಡುತ್ತಿದ್ದರು. ನಾನು ನಡುವೆ ಸುಳಿದಾಡುತ್ತಿದ್ದೆ.

ಒಂದು ರವಿವಾರ ಜಿಟಿಜಿಟಿ ಮಳೆ. ಅಂದು ಮುಖದ ಚಿತ್ರ ಕಲಿಸುವುದೆಂದು ಶಾಲೆಯ ಕಾವಲುಗಾರನಿಗೆ ಎದುರು ಕೂಡಲು ಹೇಳಿದ್ದೆ. ಅವನಿಗೆ ಜ್ವರ. ಬಂದವರು ಈ ಇಬ್ಬರೇ. ನನಗೂ ಏನು ಬುದ್ಧಿ ಬಂತೋ, "ಎದುರಾಬದುರಾ ಕೂಡ್ರಿ. ಅವರ ಮಾರಿ ನೀವು, ನಿಮ್ಮ ಮಾರಿ ಅವರು ತಗೀರಿ" ಎಂದುಬಿಟ್ಟೆ.

ಮಲ್ಲಪ್ಪ ಕೆಮ್ಮಿದ. "ನಾ ಎತ್ತನ ತಗೀತೀನಿ ಬಿಡ್ರಿ."

ನೇಮಣ್ಣ ನನ್ನನ್ನೇ ನೋಡುತ್ತ, "ಅವಗ ಹೇಳ್ರಿ ಮಾಸ್ತರ, ಅಂಜಿಕಿ ಆದ್ರ ಮನೀಗಿ ಹೋಗಂತ" ಎಂದರು.

"ಅಂಜಿಕಿ? ನನಗ? ಕುರ್ಚಿ ಈ ಕಡೆ ತಿರುವು ಅಂತ ಹೇಳ್ರಿ ಅವಗ!"

ಇಬ್ಬರೂ ಒಂದೇ ಕೋಣೆಯಲ್ಲಿದ್ದರೂ ಮಾತೆಲ್ಲ ನನ್ನ ಮೂಲಕ ಹಾದು ಹೋಗಬೇಕು. ಅಂತೂ ಕುರ್ಚಿಗಳು ತಿರುಗಿದವು. ಹಟಕ್ಕೆ ಬಿದ್ದು ಇಬ್ಬರೂ ಪೆನ್ಸಿಲ್ ಹಿಡಿದರು. ಮಲ್ಲಪ್ಪ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು ಗೀಚತೊಡಗಿದ. ನೇಮಣ್ಣ ಕಮಲ ತೆಗೆಯುವ ಶ್ರದ್ಧೆಯಿಂದಲೇ ವೈರಿಯ ಮೀಸೆ ತೆಗೆದರು, ಮೂಗು ತೆಗೆದರು, ಎಡಗಣ್ಣು ತೆಗೆದರು. ಬಲಗಣ್ಣಿಗೆ ಬಂದವರು ಪೆನ್ಸಿಲ್ ನಿಲ್ಲಿಸಿದರು. ಎದ್ದು ಹತ್ತಿರ ಹೋಗಿ ಬಗ್ಗಿ ನೋಡಿದರು.

"ಮಲ್ಲೂ, ಕಣ್ಣಿಗೇನಾತೋ?"

ಆ ಮಾತು ನನ್ನ ಮೂಲಕ ಹೋಗಲಿಲ್ಲ.

"ಪೊರಿ ಬಂದೈತಿ" ಎಂದ ಮಲ್ಲಪ್ಪ, ತಲೆ ಎತ್ತದೆ. "ಅದರಾಗ ಏನೂ ಕಾಣಂಗಿಲ್ಲ. ಇನ್ನೊಂದಕ್ಕೂ ಮಂಜು ಹತ್ತೇತಿ."

"ಮನ್ಯಾಗ ಹೇಳಿಯೇನ?"

"ಹೇಳಿದ್ರ ಹುಡುಗೂರು ಬಂಡಿ ಹೂಡಾಕ ಬಿಡ್ತಾವೇನ? ಹೊಲಕ್ಕ ಹೋಗೂದ ಬಂದ್ ಆದ್ರ ನಾ ಯಾಕ ಇರಬೇಕು? ಎತ್ತಿಗೆ ದಾರಿ ಗೊತ್ತೈತಿ. ಅದು ಹೋಗತೈತಿ, ನಾ ಕುಂತಿರತೀನಿ."

ನೇಮಣ್ಣ ತಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. "ಹಂಗಾರ ಮೊನ್ನಿ ಪ್ಯಾಟ್ಯಾಗ ನನಗ ಹೆಗಲು ಬಡದು, ಮಾರೀ ಸೈತ ನೋಡದ ಹ್ವಾದಿ. ಸೊಕ್ಕಂತ ತಿಳದಿದ್ನಲ್ಲೋ."

"ನೀ ಅಂತ ಗೊತ್ತಿದ್ರ ಇನ್ನೂ ಜೋರ ಬಡೀತಿದ್ದೆ!" ಎಂದ ಮಲ್ಲಪ್ಪ. ನಗಲು ಹೋದವನ ದನಿ ಮಾತ್ರ ನಡುವೆಯೇ ಒಡೆಯಿತು.

ನನಗೆ ಕಿಟಕಿಯಾಚೆಯ ಮಳೆಯನ್ನು ನೋಡುವ ಕೆಲಸ ಒದಗಿಬಂತು. ಆಡಿನಂಥ ಆ ಎತ್ತುಗಳೆಲ್ಲ ಕಣ್ಣ ಮುಂದೆ ಬಂದವು. ನಾನು ವಾರವಾರವೂ ಅವನ ಕೈ ಹಿಡಿದು ತಿದ್ದಿದ್ದೇ ತಿದ್ದಿದ್ದು.

ಮುಂದಿನದನ್ನೆಲ್ಲ ನೇಮಣ್ಣನವರೇ ಮಾಡಿದರು. ಮಲ್ಲಪ್ಪನ ಮಕ್ಕಳನ್ನು ಕರೆದು ಹೇಳಿದರು. ಅವನು ಬಂಡಿಯ ನೊಗ ಹಿಡಿದು ಕೂತು ಹಟ ಮಾಡಿದಾಗ, "ಕಣ್ಣ ಬಂದ ಮ್ಯಾಲ ನೀನ ಹೂಡು. ಅಲ್ಲೀತನಕ ಸುಮ್ಕ ನನ್ನ ಹಿಂದ ಬಾ" ಎಂದು ಅವನ ತೋಳು ಹಿಡಿದು ಎಬ್ಬಿಸಿದರು. ಕುಡಚಿಯಲ್ಲಿ ರೈಲು ಹತ್ತಿಸಿ ಮಿರಜಿಗೆ ಕರೆದೊಯ್ದರು. ದವಾಖಾನೆಯಲ್ಲಿ ಅವನ ಮಗ್ಗುಲಲ್ಲೇ ನೆಲದ ಮೇಲೆ ಮಲಗಿದರು. ಮಲ್ಲಪ್ಪ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು, ಆಮೇಲೆ ಶೀಸೆಯ ಅಡಿಯಷ್ಟು ದಪ್ಪನೆಯ ಚಾಳೀಸು ಹಾಕಿಕೊಂಡು ಊರಿಗೆ ಬಂದ. ಹರನಾಳಿ ಇದ್ದಲ್ಲೇ ಇತ್ತು. ಈಗ ಅದರ ಬಗ್ಗೆ ಕಟ್ಟೆಯ ಮೇಲೆ ಕೂತು ನೇರವಾಗಿಯೇ ಬೈದಾಡುತ್ತಿದ್ದರು.

ನನ್ನ ತರಗತಿ ಮಾತ್ರ ಖಾಲಿಯಾಯಿತು. ಇದ್ದ ಇಬ್ಬರಿಗೆ ಮಾತು ಕಲಿಸಿ ಕಳಿಸಿದೆನಲ್ಲ ಎಂದು ಕೊಡದ ಮುಂದೆ ಕೂತು ತೂಕಡಿಸುತ್ತಿದ್ದೆ. ಒಂದು ದಿನ ಹೊರಗೆ ಬಂಡಿ ನಿಂತ ಸಪ್ಪಳ. ಹೂಡಿಕೊಂಡು ಬಂದವನು ಮಲ್ಲಪ್ಪನೇ. ಹಿಂದೆ ನೇಮಣ್ಣ, ಜೀವ ಕೈಯಲ್ಲಿ ಹಿಡಿದುಕೊಂಡು ಇಳಿಯುತ್ತಿದ್ದರು.

"ಇವತ್ತ ನೀವ ಕೂಡ್ರಿ ಮಾಸ್ತರ, ನಿಮ್ಮ ಮಾರಿ ತಗೀತೀವಿ" ಎಂದ ಮಲ್ಲಪ್ಪ. ನಾನು ಕೋಟಿನ ಗುಂಡಿ ಹಾಕಿಕೊಂಡು ಕೂತೆ. ಅವನು ಚಾಳೀಸು ಒರೆಸಿ, ನನ್ನನ್ನು ನೋಡಿ, ಮತ್ತೆ ಒರೆಸಿ ನೋಡಿದ.

"ಅಯ್ಯ ನಿಮ್ಮ! ದನಿ ಕೇಳಿ ನಿಮ್ಮನ್ನ ಹರೇದಾಂವ ಅಂತ ತಿಳಕೊಂಡಿದ್ನಲ್ರಿ! ನೀವೂ ನಮ್ಮ ವಯಸ್ಸಿನಾವ್ರ!"

"ನಾ ಆಗಲೇ ಹೇಳಿದ್ದೆ" ಎಂದರು ನೇಮಣ್ಣ ಗಂಭೀರವಾಗಿ, ನನ್ನ ಕಣ್ಣಿನ ಕೆಳಗೆ ಜೋತ ಚರ್ಮವನ್ನು ಹಾಳೆಯ ಮೇಲೆ ತೆಗೆಯುತ್ತ.

ವಯಸ್ಸಾದವರ ತರಗತಿ ಎಂದಾಗಲೆಲ್ಲ ನಾನು ನನ್ನನ್ನು ಆ ಮಾತಿನ ಹೊರಗೇ ನಿಲ್ಲಿಸಿಕೊಂಡಿದ್ದೆ. ಕೂದಲ ಬಿಳುಪು ಹಲಗೆಯ ಮೇಲೆ ಬರೆಯುವ ಖಡುವಿನ ಪುಡಿಯದೆಂದು ವಾದಿಸಿ ನೋಡಿದೆ. ಅವರಿಬ್ಬರೂ ಒಂದಾಗಿ ಅಲ್ಲವೆಂದು ತಲೆಯಾಡಿಸಿದರು. ನೇಮಣ್ಣನವರು ತೆಗೆದ ಚಿತ್ರ ಸರಿಯಾಗಿ ಬಂದಿಲ್ಲ, ಮುಂದಿನ ವಾರ ತಿದ್ದಿಸಬೇಕು ಎಂದು ಸಮಾಧಾನ ಮಾಡಿಕೊಂಡು ಅದನ್ನು ಮನೆಗೆ ಒಯ್ದೆ. ಯಾರ ಮುಖವೆಂದು ಹೇಳದೆ ಹೆಂಡತಿಯ ಕೈಗೆ ಕೊಟ್ಟೆ. ಅವಳು ದೀಪದ ಹತ್ತಿರ ಹಿಡಿದು ನೋಡಿ, ಸೆರಗಿನಿಂದ ಹಾಳೆಯ ಧೂಳು ಒರೆಸಿದಳು.

"ಎಷ್ಟು ಛಂದ ತಗದಾರ್ರಿ! ಥೇಟ್ ನೀವ!"